ಖಾದರ್ ಮಾಸ್ತರರು ಕೇಳಿಸಿಕೊಂಡ ಸದ್ದು

ಹಾಕಿ ಪಂದ್ಯ ಆಡಿಸುವಾಗ ಖಾದರ್ ಮಾಸ್ತರರ ಕಣ್ಣುಗಳು ಅರ್ಧ ಮುಚ್ಚಿರುತ್ತಿದ್ದವು. ಕೊಪ್ಪಳದ ಕೋಟೆಗುಡ್ಡದ ಕೆಳಗಿನ ಬಯಲಿನಲ್ಲಿ ಸಂಜೆಬಿಸಿಲು ಧೂಳಿನೊಡನೆ ಕಲೆತು, ಆಡುವವರೆಲ್ಲ ಹೊಂಬಣ್ಣದ ನೆರಳುಗಳಾಗಿ ತೇಲುತ್ತಿದ್ದಾಗ, ಅವರು ತಲೆಯನ್ನು ತುಸು ವಾಲಿಸಿ, ದೂರದ ಹಾಡನ್ನು ಆಲಿಸುವವರಂತೆ ನಮ್ಮ ಜೊತೆಗೇ ಓಡುತ್ತಿದ್ದರು. ಅವರು ಅಲ್ಲಿನ ಸಾಲೆಯ ಡ್ರಿಲ್ ಮಾಸ್ತರರು. ಸುತ್ತಲಿನ ಊರುಗಳ ಪಂದ್ಯಗಳಿಗೆಲ್ಲ ಅವರೇ ಅಂಪೈರು.

"ಧೂಳಾಗ ಕಣ್ಣು ಮೋಸ ಮಾಡತಾವ," ಎನ್ನುತ್ತಿದ್ದರು. "ಚೆಂಡು ಕೋಲಿಗೆ ಬಡಿದ್ರ ಟಕ್ ಅಂತೈತಿ, ಕಾಲಿಗೆ ಬಡಿದ್ರ ದಪ್ ಅಂತೈತಿ, ಅದು ತಪ್ಪು. ಕಿವಿ ಸುಳ್ಳು ಹೇಳಂಗಿಲ್ಲ."

ಸಣ್ಣಪುಟ್ಟ ತಪ್ಪಿಗೆ ಸೀಟಿ ಊದುತ್ತಿರಲಿಲ್ಲ. "ಸೀಟಿ ಅಂದ್ರ ಹರಿಯೋ ಹಳ್ಳಕ್ಕ ಒಡ್ಡು ಹಾಕಿದಂಗ. ಆಮ್ಯಾಲ ನೀರು ಯಾ ಕಡಿ ತಿರುಗತೈತೋ ಯಾರಿಗೆ ಗೊತ್ತು?"

ಅದು ತಿರುಗಿದ್ದನ್ನು ನಾನು ಕಂಡಿದ್ದೇನೆ. ನಲವತ್ತರ ದಶಕದ ಮೊದಲ ವರ್ಷಗಳು. ಯಲಬುರ್ಗಾ ತಂಡದಲ್ಲಿ ನಾನು ಗೋಲಿನ ಮುಂದೆ ನಿಲ್ಲುವ ಬ್ಯಾಕ್. ಗಂಗಾವತಿಯವರ ಮೇಲೆ ಸೆಮಿಫೈನಲ್, ಸೋತವರು ಮನೆಗೆ. ಒಂದು ಗೋಲು ಮುಂದಿದ್ದೆವು. ಗಾಳಿಯೂ ನಮ್ಮದೇ ಎನ್ನುವ ಹಾಗೆ ಆಡುತ್ತಿದ್ದೆವು. ಅಷ್ಟರಲ್ಲಿ ರಭಸದಿಂದ ಬಂದ ಚೆಂಡನ್ನು ಕೋಲಿನಿಂದ ತಡೆದೆ. ಸೀಟಿ ಕೇಳಿಸಿತು.

"ಕಾಲು," ಎಂದರು ಮಾಸ್ತರರು. ಕೋಲನ್ನೆತ್ತಿ ತೋರಿಸಿದೆ. ಅವರು ತಲೆಯಾಡಿಸಿ ಎದುರಿನವರಿಗೆ ಕಾರ್ನರ್ ಕೊಟ್ಟರು. ಅದರಿಂದಲೇ ಗೋಲಾಯಿತು.

ಆಮೇಲಿನದು ಕನಸಿನಲ್ಲಿ ಓಡಿದ ಹಾಗೆ. ಕಾಲೆತ್ತುತ್ತಿದ್ದೆವು, ನೆಲ ಬಿಡುತ್ತಿರಲಿಲ್ಲ. ಗಂಗಾವತಿಯ ಹುಡುಗರು ಅದೇ ಧೂಳಿನಲ್ಲಿ ಹಕ್ಕಿಗಳಂತೆ ಹಾರಾಡಿ ಇನ್ನೊಂದು ಗೋಲು ಹಾಕಿದರು. ಕೊನೆಯಲ್ಲಿ ನಮ್ಮವನೊಬ್ಬ ಅವರ ಗೋಲಿನ ಹತ್ತಿರ ಬಿದ್ದ. ಕಾರ್ನರ್ ಕೊಡಿ ಎಂದು ನಮ್ಮವರೆಲ್ಲ ಕೂಗಿದರು. ಮಾಸ್ತರರು ಒಮ್ಮೆ ನನ್ನತ್ತ ನೋಡಿದರು. ಸೀಟಿ ಊದಲಿಲ್ಲ.

ಸೋತೆವು. ಬಸವರಾಜನ ಕಾಲು ಊರನ್ನು ಸೋಲಿಸಿತು ಎಂದು ಚಹಾದಂಗಡಿಯಲ್ಲೂ ಮಾತಾಯಿತು. ನಾನು ಸಂತೆಗೆ ಹೋಗುವುದನ್ನೇ ಬಿಟ್ಟೆ. ಒಂದು ದಿನ ನಮ್ಮ ಕ್ಯಾಪ್ಟನ್ ವೀರಭದ್ರಪ್ಪ ಮನೆಗೇ ಬಂದು, "ಬರೋ ವರ್ಷ ಬ್ಯಾರೆಯವರನ್ನ ನಿಲ್ಲಸ್ತೀವಿ," ಎಂದು ಮೆತ್ತಗೆ ಹೇಳುತ್ತಿದ್ದ. ಅದೇ ಹೊತ್ತಿಗೆ ಬಾಗಿಲಲ್ಲಿ ಖಾದರ್ ಮಾಸ್ತರರು ನಿಂತಿದ್ದರು. ಟೋಪಿಯ ಮೇಲೆಲ್ಲ ದಾರಿಯ ಧೂಳು.

"ತಮ್ಮಾ, ನಿನ್ನ ಕೋಲು ತಾ ನೋಡೋಣು."

ತಂದುಕೊಟ್ಟೆ. ಸೀಳು ಬಿಟ್ಟಿದ್ದ ಕೋಲಿಗೆ ಪಂದ್ಯದ ಮುಂಚೆ ದಪ್ಪ ತೊಗಲು ಸುತ್ತಿಸಿದ್ದೆ. ಮಾಸ್ತರರು ಚೀಲದಿಂದ ಚೆಂಡು ತೆಗೆದು ತೊಗಲಿನ ಮೇಲೆ ಬಡಿದರು. ದಪ್ ಎಂದಿತು. ಕಣ್ಣು ಮುಚ್ಚಿ ಮತ್ತೊಮ್ಮೆ ಬಡಿದರು. ಆಮೇಲೆ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಗಲತಿ ನಂದು. ಈ ಹುಡುಗನ ಕಾಲಿಗೆ ಚೆಂಡು ತಾಗಿಲ್ಲ. ಸೀಟಿ ಊದಿದ ಕೂಡ್ಲೆ ನನಗ ಅನುಮಾನ ಬಂದಿತ್ತು."

ವೀರಭದ್ರಪ್ಪನ ಮುಖ ಕೆಂಪಾಯಿತು. "ಅನುಮಾನ ಇತ್ತಂದ್ರ ಕಡೀಕ ನಮಗೊಂದು ಕಾರ್ನರ್ ಕೊಡಬೇಕಿತ್ತಲ್ರಿ. ಸರೀಗೆ ಸರಿ ಆಗತಿತ್ತು."

"ನಿಮ್ಮಾಂವ ತಾನಾ ಜಾರಿ ಬಿದ್ದಾನ. ಕೊಟ್ಟಿದ್ರ ನನ್ನ ಮನಸು ಹಗುರ ಆಗತಿತ್ತು, ಖರೆ. ಆದ್ರ ಗಂಗಾವತಿ ಹುಡುಗ್ರು ಏನು ಪಾಪ ಮಾಡ್ಯಾರ?"

ಅವ್ವ ನೀರು ತಂದಿಟ್ಟಳು. ವೀರಭದ್ರಪ್ಪ ಕೋಲನ್ನು ಅವರಿಂದ ತೆಗೆದುಕೊಂಡು ನನ್ನ ಕೈಗೆ ಕೊಟ್ಟ. ಹೊರಡುವಾಗ ಮಾಸ್ತರರು ಚಹಾದಂಗಡಿಯ ಮುಂದೆ ನಿಂತು, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿ ಬಂಡಿ ಹತ್ತಿದರು.

ಕೆಲವು ವರ್ಷಗಳಾದ ಮೇಲೆ ಅವರು ನೌಕರಿ ಮುಗಿಸಿ ರಾಯಚೂರಿನ ಮಗಳ ಮನೆಗೆ ಹೊರಟರು. ಕೊಪ್ಪಳದ ಸ್ಟೇಷನ್ನಿನಲ್ಲಿ ಟ್ರಂಕು ಎತ್ತಿಕೊಟ್ಟವನು ನಾನೇ.

"ಫೈನಲ್ ಐತಂತಲ್ಲ ನಿಮ್ಮದು?" ಎಂದರು. "ಆದಮ್ಯಾಲ ಬಂದು ಹೇಳು. ಯಾರು ಗೆದ್ರು ಅಂತಲ್ಲ, ಹೆಂಗ ಆಡಿದ್ರಿ ಅಂತ."

ನಾವು ಗೆದ್ದೆವು. ಸುಗ್ಗಿ ಮುಗಿಸಿಕೊಂಡು ರಾಯಚೂರಿಗೆ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮಗಳು ಚಹಾ ಕೊಟ್ಟು, "ಅಬ್ಬಾ ದಿನಾ ಕೇಳತಿದ್ರು, ಯಲಬುರ್ಗಾದವರು ಯಾಕ ಬರಲಿಲ್ಲಂತ," ಎಂದರು.

ನಾನು ಚಹಾ ಕೆಳಗಿಟ್ಟು, ಆಟವನ್ನು ಮೊದಲಿನಿಂದ ಆ ಮಗಳಿಗೇ ಹೇಳತೊಡಗಿದೆ.