ಎಡಗೈಯ ಕಸಿ

ಅಕ್ಕನ ವಾಟ್ಸಾಪ್ ಸ್ಟೇಟಸ್ಸನ್ನು ನಾನು ಹಲ್ಲುಜ್ಜುವ ಮೊದಲೇ ನೋಡುತ್ತಿದ್ದೆ. ಕೆದಂಬಾಡಿಯ ಅವಳ ನರ್ಸರಿಯ ಎದುರು ನಿಂತ ಪಿಕಪ್ಪು, ಅದರ ತುಂಬ ಕಾಳುಮೆಣಸಿನ ಗಿಡ, ಕೆಳಗೆ ‘ದೇವರ ದಯೆ’ ಎಂಬ ಎರಡು ಪದ. ದೇವರ ದಯೆಯಲ್ಲ ಅದು. ಆ ಗಿಡಗಳಲ್ಲಿ ಹೆಚ್ಚಿನವು ಕೋಡಿಂಬಾಳದ ನನ್ನ ನರ್ಸರಿಯ ನೆರಳುಬಲೆಯ ಅಡಿಯಲ್ಲಿ ಚಿಗುರಿದವು.

ಅಕ್ಕನೆಂದರೆ ದೊಡ್ಡಮ್ಮನ ಮಗಳು. ನಾನು ಸಸ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಊರಿಗೆ ಮರಳಿ ಸ್ವಂತ ನರ್ಸರಿ ಹಾಕುವಷ್ಟರಲ್ಲಿ ಅವಳು ಗಿಡ ಮಾರುವುದರಲ್ಲಿ ಹೆಸರು ಮಾಡಿದ್ದಳು. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿ ಕೂಡಿಸಿ ಕಸಿ ಕಟ್ಟುವುದು ನನ್ನ ಕೆಲಸ. ಹಿಪ್ಪಲಿಯ ಬೇರಿಗೆ ಸೊರಗು ರೋಗದ ಭಯವಿಲ್ಲ. ಆದ್ದರಿಂದಲೇ ಈ ಕಸಿಗೆ ಬೇಡಿಕೆ. ನನ್ನ ಕಸಿಗಳು ಚೆನ್ನಾಗಿ ಕೂಡುತ್ತಿದ್ದವು. ಆದರೂ ನಮ್ಮೂರಿನವರೇ ನನ್ನ ಗೇಟಿನ ಮುಂದೆ ಸ್ಕೂಟರಿನ ವೇಗ ತಗ್ಗಿಸದೆ, ಕಡಬ ದಾಟಿ ಅಕ್ಕನಲ್ಲಿಗೆ ಹೋಗುತ್ತಿದ್ದರು.

ಕಾರಣವನ್ನು ಪಕ್ಕದ ಮನೆಯ ಚಿಕ್ಕಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

“ನಿನ್ನ ಗಿಡ ಚಂದ ಉಂಟು ಮಗಾ. ಆದ್ರೆ ನೀನು ಕಟ್ಟುದು ಎಡಗೈಯಲ್ಲಿ, ಕೊಡುದೂ ಎಡಗೈಯಲ್ಲಿ. ಬಳ್ಳಿ ಹತ್ತುದು ಬೇಡ್ವಾ?”

“ಗಿಡಕ್ಕೆ ಎಡ-ಬಲ ಗೊತ್ತುಂಟಾ ಚಿಕ್ಕಮ್ಮ?”

“ಗಿಡಕ್ಕೆ ಗೊತ್ತಿಲ್ಲ. ನೆಡುವವನಿಗೆ ಗೊತ್ತುಂಟಲ್ಲ!”

ನಮ್ಮಲ್ಲಿ ಗಿಡ ಕೊಳ್ಳುವವರು ಗಿಡಕ್ಕಿಂತ ಮೊದಲು ಕೊಡುವವರ ಕೈಗುಣ ನೋಡುತ್ತಾರೆ. ಅಕ್ಕನ ಕೈಯಿಂದ ಹೋದದ್ದು ಕಲ್ಲಿನ ಮೇಲೂ ಹಬ್ಬುತ್ತದೆ ಎಂಬ ಮಾತು ಸುಳ್ಯದವರೆಗೆ ಹಬ್ಬಿತ್ತು. ನಾನೋ ಹುಟ್ಟಾ ಎಡಚಿ. ನೇರ ಮಾರಾಟವಿಲ್ಲದೆ, ಬೆಳೆಸಿದ ಗಿಡಗಳನ್ನು ಅಕ್ಕನಿಗೇ ಸಗಟಾಗಿ ಕೊಡುವ ಸ್ಥಿತಿಗೆ ಬಂದಿದ್ದೆ. ಅವಳು ಅವನ್ನು ತನ್ನ ಬಲಗೈಯಲ್ಲಿ ಎತ್ತಿ ಕೊಡುತ್ತಿದ್ದಳು. ಅಷ್ಟರಿಂದಲೇ ಅವು ಅದೃಷ್ಟವಂತ ಗಿಡಗಳಾಗುತ್ತಿದ್ದವು. ಹೊಟ್ಟೆಕಿಚ್ಚು ಎಂಬ ಪದ ಎಷ್ಟು ನಿಖರವಾದುದೆಂದು ನನಗೆ ಆಗ ತಿಳಿಯಿತು: ಅದು ಎದೆಯಲ್ಲಿ ಅಲ್ಲ, ಹೊಟ್ಟೆಯಲ್ಲೇ ಉರಿಯುತ್ತದೆ.

ಮುಂಗಾರಿನ ಮೊದಲ ವಾರ ಗಿಡ ಇಳಿಸಲು ಅವಳಲ್ಲಿಗೆ ಹೋಗಿದ್ದೆ. ಅಲ್ಲಿ ಗಿರಾಕಿಯಾಗಿ ನಿಂತಿದ್ದವರು ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ರಬ್ಬರ್ ಬೆಳೆಗಾರರು. ನನ್ನನ್ನು ಕಂಡು ಅವರು ಗಿಡದ ಪ್ಲಾಸ್ಟಿಕ್ ತೊಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದರು. ನನಗೆ ತಡೆಯಲಾಗಲಿಲ್ಲ.

“ಮಾವ, ಆ ಕಸಿಗೆ ಸುತ್ತಿದ ಪಟ್ಟಿ ನೋಡಿ. ಎಲ್ಲರೂ ಸುತ್ತುವುದಕ್ಕೆ ಉಲ್ಟಾ ಸುತ್ತಿದ್ದಲ್ವಾ? ಅದು ನಾನು ಕಟ್ಟಿದ ಕಸಿ. ನಿಮ್ಮ ಮನೆ ಹತ್ತಿರವೇ ಸಿಗ್ತಿತ್ತು.”

ಅವರು ಗಿಡವನ್ನು ಮುಂದೆ ತಂದು, ಕನ್ನಡಕ ಏರಿಸಿ ಪಟ್ಟಿಯನ್ನು ನೋಡಿದರು. “ಇರ್ಬಹುದು ಮಾರಾಯ್ತಿ. ಗಿಡ ನಿನ್ನದೇ. ಕೈ ಇವರದ್ದಲ್ವಾ?”

ಅಕ್ಕ ನಕ್ಕಳು. ಅವಳ ನಗು ಚೆಂದ. ಅದೂ ನನಗೆ ಸಹಿಸಲಾಗದ ಸಂಗತಿಗಳಲ್ಲೊಂದು. ಅವರು ಹೋದ ಮೇಲೆ ಕೇಳಿದೆ: “ಎಲ್ಲಿ ನೆಡ್ತಾರೆ ಅಂತ ಕೇಳಿದ್ಯಾ? ಬೇಸಿಗೆಯಲ್ಲಿ ನೀರು ಇಲ್ಲದಿದ್ರೆ ಹಿಪ್ಪಲಿ ಒಣಗ್ತದೆ ಅಂತ ಹೇಳಿದ್ಯಾ?”

“ಅಷ್ಟೆಲ್ಲ ಪುರಾಣ ಹೇಳಿದ್ರೆ ಯಾರು ತೆಕೊಳ್ತಾರೆ?”

“ಸತ್ತ್ರೆ?”

“ಸತ್ತ್ರೆ ಅವರ ಮಣ್ಣು ಸರಿ ಇಲ್ಲ. ನೀನೊಬ್ಬಳು!”

ಆ ಉತ್ತರ ಅಕ್ಕನೊಬ್ಬಳದಲ್ಲ. ಇಡೀ ವ್ಯಾಪಾರವೇ ಹಾಗೆ ಮಾತಾಡುತ್ತದೆ. ಬಳ್ಳಿ ಹಬ್ಬಿದರೆ ಮಾರಿದವರ ಕೈಗುಣ, ಒಣಗಿದರೆ ಕೊಂಡವರ ಮಣ್ಣು. ಯಶಸ್ಸಿಗೆ ಒಡೆಯರುಂಟು, ಸಾವಿಗೆ ಉತ್ತರಿಸುವವರಿಲ್ಲ. ಇಂಥ ಕೀರ್ತಿಯನ್ನು ಪ್ರಶ್ನಿಸದೆ ಪೂಜಿಸುವ ಗಿರಾಕಿಗಳ ಮೇಲೂ ನನಗೆ ಸಿಟ್ಟಿತ್ತು. ಆದರೆ ಆ ಸಿಟ್ಟು ಪೂರ್ತಿ ನ್ಯಾಯದ್ದೆಂದು ಹೇಳಿಕೊಳ್ಳಲಾರೆ. ಅದೇ ಕೀರ್ತಿ ನನ್ನದಾಗಿದ್ದರೆ ಎಂಬ ಆಸೆ ಅದರೊಳಗೆ ಕೂತಿತ್ತು.

ಅಕ್ಕನಿಗೆ ಗಿಡ ಕೊಡುವುದನ್ನು ನಿಲ್ಲಿಸಿದೆ. ಗೇಟಿಗೆ ಫಲಕ ಕಟ್ಟಿದೆ: ‘ಇಲ್ಲಿ ಕಟ್ಟಿದ ಕಸಿ ಒಂದು ವರ್ಷದೊಳಗೆ ಒಣಗಿದರೆ ತನ್ನಿ, ಬದಲಿ ಗಿಡ ಒಯ್ಯಿರಿ.’ ಫಲಕ ಓದಿದವರು ನಕ್ಕರು. “ಮಾರುವ ಮೊದಲೇ ಸಾವಿನ ಸುದ್ದಿಯಾ?” ಎಂದರು ಚಿಕ್ಕಮ್ಮ. ಆ ಮಳೆಗಾಲವಿಡೀ ಗಿರಾಕಿಗಳು ಬರಲಿಲ್ಲ. ಮಾರಾಟವಾಗದ ಗಿಡಗಳು ತೊಟ್ಟೆ ಸೀಳಿ ಬೇರು ಬಿಟ್ಟವು. ಬರುವ ಮುಂಗಾರಿನಲ್ಲೂ ಹೀಗೆಯೇ ಆದರೆ ನರ್ಸರಿ ಮುಚ್ಚುವುದೆಂದು ಮನೆಯಲ್ಲಿ ಮಾತಾಯಿತು. ಅಕ್ಕನ ಸ್ಟೇಟಸ್ಸಿನಲ್ಲಿ ಪಿಕಪ್ಪು ಮಾತ್ರ ನಿಲ್ಲುತ್ತಲೇ ಇತ್ತು. ಗಿಡ ಬೇರೆಯವರದು, ಕೈ ಅದೇ.

ಬೇಸಿಗೆಯ ಬಿಸಿಲು ಏರಿದಾಗ ಗೇಟಿನಲ್ಲಿ ಮೊದಲ ಗಿರಾಕಿ ನಿಂತರು. ಅದೇ ರಬ್ಬರ್ ಬೆಳೆಗಾರರು; ಕಂಕುಳಲ್ಲಿ ಒಣಗಿದ ಬಳ್ಳಿಗಳ ಕಟ್ಟು.

“ಬದಲಿ ಕೊಡ್ತಿ ಅಂತ ಬೋರ್ಡು ಉಂಟಲ್ಲ.”

“ಅದು ಅಕ್ಕನಿಂದ ತಂದದ್ದಲ್ವಾ ಮಾವ?”

“ಉಲ್ಟಾ ಪಟ್ಟಿ ನೀನೇ ತೋರಿಸಿದ್ದು. ಕಟ್ಟಿದವಳು ನೀನು ಅಂತ ನೀನೇ ಹೇಳಿದ್ದು. ಈಗ ಎಂತ, ಅಲ್ಲ ಅಂತೀಯಾ?”

ಹಬ್ಬಿದವು ಅಕ್ಕನ ಪಾಲಿಗೆ, ಸತ್ತವು ನನ್ನ ಪಾಲಿಗೆ! ಆದರೆ ಉತ್ತರಿಸುವವರು ಬೇಕೆಂದು ಕೂಗಿದ್ದವಳು ನಾನು. ಫಲಕದ ಅಕ್ಷರಗಳೂ ನನ್ನವೇ.

“ಎಲ್ಲಿ ನೆಟ್ಟದ್ದು?”

“ಗುಡ್ಡೆ ಮೇಲೆ, ಹಾಲುವಾಣ ಮರದ ಬುಡದಲ್ಲಿ.”

“ಅಲ್ಲಿ ನೀರು?”

“ಗುಡ್ಡೆ ಮೇಲೆ ಯಾರು ನೀರು ಹಾಕ್ತಾರೆ? ಬೇಕು ಅಂತ ಯಾರೂ ಹೇಳ್ಲಿಲ್ಲ. ಅವರು ಕೊಟ್ಟ್ರು, ನಾನು ತಂದೆ.”

“ಹಾಗಾದ್ರೆ ಗುಡ್ಡೆಗೆ ಕಸಿ ಗಿಡ ನಾನು ಕೊಡುದಿಲ್ಲ. ಸ್ವಂತ ಬೇರಿನ ಮೆಣಸಿನ ಬಳ್ಳಿ ಕೊಡ್ತೇನೆ. ಅದನ್ನೂ ಈಗ ಅಲ್ಲ, ಮಳೆ ಹಿಡಿದ ಮೇಲೆ ನೆಡಬೇಕು. ಮನೆ ಹಿಂದೆ ನೀರು ಹರಿಯುವ ತೋಡಿನ ಬದಿಯಲ್ಲಿ ಜಾಗ ಉಂಟಲ್ಲ, ಅಲ್ಲಿಗಾದ್ರೆ ಕಸಿ ಕೊಡ್ತೇನೆ. ಒಂದು ಇವತ್ತೇ ಒಯ್ದು ನೋಡಿ.”

ಅವರು ಲೆಕ್ಕ ಹಾಕಿ, ಆಗಲಿ ಎಂಬಂತೆ ತಲೆ ಆಡಿಸಿದರು. ನಾನು ಒಳ್ಳೆಯ ಕಸಿಯೊಂದನ್ನು ಆರಿಸಿ ಎತ್ತಿದೆ.

“ಕೆಳಗಿಡು ಮಗಾ,” ಎಂದರು ಸಂಕೋಚದಿಂದ. “ನಾನೇ ಎತ್ತಿಕೊಳ್ತೇನೆ. ಬೇಜಾರು ಮಾಡ್ಬೇಡ.”

ಬೇಜಾರಾಯಿತು. ಅಕ್ಕನ ಕೈಯಾಗಿದ್ದರೆ ಎರಡೂ ಅಂಗೈ ಚಾಚುತ್ತಿದ್ದರು. ಗಿಡವನ್ನು ನೆಲಕ್ಕಿಡದೆ ಎಡಗೈಯಲ್ಲೇ ಹಿಡಿದು ನಿಂತೆ.

“ನನ್ನ ಕೈಯಿಂದಲೇ ತೆಕೊಳ್ಬೇಕು ಮಾವ. ಒಣಗಿದ್ರೆ ಈ ಕೈಯನ್ನೇ ಕೇಳ್ಬೇಕಲ್ಲ.”

ಅವರು ರಸ್ತೆಯ ಕಡೆ ಒಮ್ಮೆ ನೋಡಿದರು. ನೋಡುವವರು ಇಲ್ಲವೆಂದು ಖಾತ್ರಿಯಾದ ಮೇಲೆ ಗಿಡ ತೆಗೆದುಕೊಂಡರು.

“ಸತ್ತ್ರೆ ಪುನಃ ಇಲ್ಲಿಗೇ ಬರುದು ನಾನು.”

“ಬನ್ನಿ,” ಎಂದೆ.