ಹೊಸ್ತಿಲ ಮೇಲಿನ ಬೆತ್ತ

ಕಲ್ಲುಹಾಸಿನ ಮೇಲೆ ಕುದುರೆಯ ಲಾಳ ಬಡಿಯುವ ಸದ್ದು ಕೇಳಿದರೆ ಈಗಲೂ ನಾನು ಒಮ್ಮೆ ಬಾಗಿಲ ಕಡೆ ತಿರುಗಿ ನೋಡುತ್ತೇನೆ. ಪುಣೆಯ ಕಾಲೇಜಿನಲ್ಲಿ ರಾಜ್ಯಾಧಿಕಾರ ಎಲ್ಲಿಂದ ಹುಟ್ಟುತ್ತದೆ ಎಂದು ಓದುತ್ತಿದ್ದಾಗ ಬೀದಿಯಲ್ಲಿ ಟಾಂಗಾ ಹೋದರೆ ಸಾಕು, ಪುಸ್ತಕ ಮರೆತು ಸವದತ್ತಿ ಕಡೆಯ ನಮ್ಮ ಹಳೆಯ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಚಿಕ್ಕಂದಿನಲ್ಲಿ ಒಂದು ದಿನ ಅಲ್ಲಿಗೆ ಬಂದ ಕುದುರೆ ಕಪ್ಪಗೆ, ಮನೆಯ ಸೂರಿನಷ್ಟು ಎತ್ತರ ಇತ್ತೆಂದು ನನ್ನ ನೆನಪು. ಸೋದರತ್ತೆಯನ್ನು ಕೇಳಿದರೆ, "ಕುದುರಿ ಎಲ್ಲೀದೋ, ಬಡಕಲ ತಟ್ಟು ಅದು. ನೀ ಓದಿ ಓದಿ ಅದಕ್ಕ ಮೈ ತುಂಬಿಸೀದಿ" ಎಂದು ನಕ್ಕಳು. ಇರಬಹುದು. ಉಳಿದದ್ದನ್ನೂ ನೀವು ಅಷ್ಟೇ ಅನುಮಾನದಿಂದ ಓದಿಕೊಳ್ಳಿ.

ಊರ ಪಕ್ಕದ ಹಳ್ಳದಾಚೆ ಸಂಸ್ಥಾನದ ಸೀಮೆ, ಈಚೆ ಇಂಗ್ರೇಜಿ ಸರಕಾರದ್ದು. ಅಜ್ಜ, ನಮ್ಮ ಮುತ್ಯಾ, ಊರಿನ ಗೌಡ. ಆಚೆಯ ಫಕೀರಪ್ಪನೆಂಬ ಕಲ್ಲುಕುಟಿಗ ಬಿಟ್ಟಿ ಕೆಲಸ ಮಾಡುವುದಿಲ್ಲವೆಂದು ಹೇಳಿ, ಚಾವಟಿಗೆ ಹೆದರಿ, ನಮ್ಮ ಅಟ್ಟದಲ್ಲಿ ಅಡಗಿದ್ದ. ಮುತ್ಯಾ ಸವದತ್ತಿಯ ಕಚೇರಿಗೆ ಹೋದ ದಿನ ಅವನನ್ನು ಹಿಡಿದೊಯ್ಯಲು ಸಂಸ್ಥಾನದ ಸವಾರ ಬಂದ. ಅಜ್ಜಿ, ನಮ್ಮ ಆಯಿ, ಒಳಗಿನಿಂದ ಗೌಡಕಿಯ ಬೆತ್ತ, ಗೌಡನ ಅಧಿಕಾರದ ಗುರುತು, ತಂದು ಹೊಸ್ತಿಲ ಮೇಲೆ ಅಡ್ಡ ಇಟ್ಟಳು. ಗೌಡ ಊರಲ್ಲಿಲ್ಲದಾಗ ಹಾಗಿಟ್ಟರೆ ಸರಕಾರಿ ಕೆಲಸಕ್ಕೆ ಬಂದವರು, ಮರಳಿ ಬಂದ ಗೌಡನೂ ಸಹ, ದಾಟುವಂತಿರಲಿಲ್ಲ. ಇಟ್ಟ ಕೈಯೇ ಅದನ್ನು ಎತ್ತಬೇಕು. ಹಳ್ಳದ ಎರಡೂ ದಂಡೆಗೆ ಈ ರೂಢಿ ಒಂದೇ.

"ಗೌಡಸಾನ್ಯಾರ, ಆ ಮಗನ್ನ ಹೊರಗ ಹಾಕ್ರಿ. ನಿಮ್ಮ ಸರಕಾರದ ಕಾಗದಾನೂ ತಂದೇನಿ" ಎಂದ ಸವಾರ.

"ಕಾಗದ ಗೌಡ್ರಿಗೆ ಬಂದೈತಿ. ಅವ್ರು ಸರಕಾರದ ಆಳು, ಬಂದ್ರ ಅವನ್ನ ಕೊಡಬೇಕಾಕ್ಕೇತಿ. ನಾ ಯಾರ ಆಳೂ ಅಲ್ಲ. ನೀರ ಕುಡೀತಿ ಏನ?"

"ದಾಟಿ ಬಂದ್ರ ಏನ ಮಾಡ್ತೀರಿ?"

"ನಾ ಏನ ಮಾಡ್ಲೆಪಾ? ಮನಿಗೆ ಹೋಗಿ ನಿಮ್ಮವ್ವಗ ಹೇಳು, ಬೆತ್ತ ದಾಟಿ ಬಂದೆ ಅಂತ."

ಸೊಂಟದಲ್ಲಿ ಕತ್ತಿಯಿದ್ದ ಗಂಡಸು ಆ ಕೋಲನ್ನು ನೋಡಿದ, ಆಯಿಯನ್ನು ನೋಡಿದ, ಇಳಿದು ನೀರು ಕುಡಿದು ಕಟ್ಟೆಯ ಮೇಲೆ ಕುಳಿತ. ಅಷ್ಟರಲ್ಲಿ ಅತ್ತೆ ಫಕೀರಪ್ಪನನ್ನು ಹಿತ್ತಲಿನಿಂದ ಬೈಲಹೊಂಗಲದ ದಾರಿಗೆ ಹಚ್ಚಿದ್ದಳು.

ಮುತ್ಯಾ ಬಂದವನು ಬೆತ್ತ ಕಂಡು ಅಂಗಳದಲ್ಲೇ ನಿಂತ. ಸವಾರ ಎದ್ದು ಕಾಗದ ಚಾಚಿ, "ಬೆತ್ತ ನಿಮ್ಮದ ಐತಲ್ರಿ, ಎತ್ರಿ" ಎಂದ.

"ಇಟ್ಟಾಕಿ ಎತ್ತಬೇಕಪಾ. ಒಳಗ ಹೋಗೂತನಾ ನಾ ಗೌಡ ಅಲ್ಲ" ಎಂದ ಮುತ್ಯಾ. ಕಾಗದ ಮುಟ್ಟಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಕಾಲ್ನಡಿಗೆಯಲ್ಲಿ ಹೊರಟವನೊಬ್ಬ ಊರ ಸೀಮೆ ದಾಟಿ ಬಹುದೂರ ಹೋಗುವಷ್ಟು ಹೊತ್ತು ಆಯಿ ಹೊರಗೆ ಬರಲಿಲ್ಲ.

ಫಕೀರಪ್ಪ ಸಿಗಲಿಲ್ಲ, ಇದನ್ನು ಅತ್ತೆಯೂ ಒಪ್ಪುತ್ತಾಳೆ. ಆ ಮನೆ ಈಗ ಇಲ್ಲ. ಆಯಿ, ಮುತ್ಯಾ, ಸಂಸ್ಥಾನ, ಇಂಗ್ರೇಜಿ ಸರಕಾರ ಎಲ್ಲವೂ ಹೋದವು. ಓದಿದ್ದರಲ್ಲಿ ಬಹಳಷ್ಟು ಮರೆತಿದ್ದೇನೆ, ಕಂಡದ್ದರಲ್ಲಿ ಬಹಳಷ್ಟನ್ನು ನಂಬುವುದಿಲ್ಲ. ಆದರೂ ಆ ಅಂಗಳ ಕಣ್ಣಿಗೆ ಕಟ್ಟಿದೆ: ಎರಡು ಸರಕಾರಗಳು ಒಂದೇ ಬಿಸಿಲಲ್ಲಿ ಚಪ್ಪಲಿ ಬಿಟ್ಟು ನಿಂತು, ಒಬ್ಬ ಹೆಂಗಸಿನ ರೊಟ್ಟಿ ಮುಗಿಯುವುದನ್ನು ಕಾಯುತ್ತಿವೆ.