ಮೇನ್ ಸ್ವಿಚ್ಚಿನ ಜಗದಾಂಬಾ

ರಾಜಾಜಿನಗರದ ಮೂರನೇ ಬ್ಲಾಕಿನ ಆ ಅಡ್ಡರಸ್ತೆಯಲ್ಲಿ ಜಗದಾಂಬಾಳ ಹೆದರಿಕೆ ಗೊತ್ತಿಲ್ಲದವರಿರಲಿಲ್ಲ. ಹಾಲು ಒಲೆಯ ಮೇಲೆ ಬಿಸಿಯಾಗುವ ಮೊದಲೇ ಉಕ್ಕಿತು ಎಂದು ಓಡುವವಳು ಅವಳು. ಮಗು ಸೀನಿದರೆ ನೆಗಡಿ. ಸೀನದಿದ್ದರೆ ಮೂಗು ಕಟ್ಟಿರಬೇಕು. ಐಸ್‌ಕ್ಯಾಂಡಿ ಗಾಡಿ ಬಂದರೆ ಅದು ಯಾವ ಕೊಳಾಯಿ ನೀರೋ ಎಂಬ ಚಿಂತೆ. ಗಾಡಿ ಬರದ ದಿನ, ಪಾಪ, ಗಾಡಿಯವನಿಗೇನಾಯಿತೋ ಎಂಬ ಚಿಂತೆ. ಕಾಟನ್‌ಪೇಟೆಯಲ್ಲಿ ಹುಟ್ಟಿ ಬೆಳೆದು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿ. ಫಸ್ಟ್ ಕ್ಲಾಸ್ ಬಂದದ್ದೂ ಫೇಲಾಗಿಬಿಟ್ಟೇನು ಅನ್ನೋ ಭಯಕ್ಕೇ ಎಂದು ಅವಳ ಅಪ್ಪ ನಗುತ್ತಿದ್ದರು.

ಇಂಥವಳು ಕೈಹಿಡಿದದ್ದು ಚನ್ನವೀರಪ್ಪನನ್ನು. ಅವನನ್ನು ಮಾಡುವಾಗ ಶಿವ ಹೆದರಿಕೆ ಹಾಕುವುದನ್ನು ಮರೆತು ಆ ಜಾಗಕ್ಕೂ ಮಾತನ್ನೇ ತುಂಬಿದ್ದ. ದೇವರ ಪಟ, ಮದುವೆ ಫೋಟೋ, ಸತ್ತವರ ಫೋಟೋಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಮನೆಯ ಮುಂದಿನ ತಗಡಿನ ಶೆಡ್ಡೇ ಅಂಗಡಿ. ಕೈಗರಗಸ ಆಡಿಸುತ್ತಲೇ ಬೀದಿಯಲ್ಲಿ ಹೋಗುವವರನ್ನು ಕೂಗಿ ಮಾತಾಡಿಸಬೇಕು, ಮಾತಾಡಿಸುವಾಗ ಕೈ ಬೀಸಬೇಕು. ಎಡಗೈಯ ಹೆಬ್ಬೆರಳು ನೋಡಿದರೆ ತರಕಾರಿ ಹೆಚ್ಚುವ ಮಣೆಯ ಹಾಗಿತ್ತು.

ಕಟ್ಟಿನ ಕೆಲಸದಲ್ಲಿ ಇರುವುದೆಲ್ಲ ಮೂಲೆಯೇ. ನಾಲ್ಕು ಪಟ್ಟಿಗಳ ತುದಿಯನ್ನು ಓರೆಯಾಗಿ ಕೊಯ್ದು ಒಂದಕ್ಕೊಂದು ಕೂಡಿಸಬೇಕು. ಒಂದು ಎಳೆ ತಪ್ಪಿದರೂ ಕೊನೆಯ ಮೂಲೆ ಬಾಯಿ ಬಿಡುತ್ತದೆ. ಅದರ ಮೇಲೆ ಈಗ ಹೊಸ ಫ್ಯಾಶನ್ ಬಂದಿತ್ತು: ಪಟ ಕಿಟಕಿಯೊಳಗೆ ಕೂತ ಹಾಗೆ ಆಳದಲ್ಲಿರಬೇಕು, ಸುತ್ತಲಿನ ಪಟ್ಟಿಗಳು ತಟ್ಟೆಯ ಅಂಚಿನ ಹಾಗೆ ಒಳಕ್ಕೆ ಇಳಿಯಬೇಕು. ಹಾಗಾಗಬೇಕಾದರೆ ಅಡ್ಡಕ್ಕೂ ಓರೆ, ಎತ್ತರಕ್ಕೂ ಓರೆ, ಎರಡೂ ಒಂದೇ ಏಟಿಗೆ ಕೊಯ್ಯಬೇಕು. ಚನ್ನವೀರಪ್ಪ ಕೈಗರಗಸದಲ್ಲಿ ಕೊಯ್ದ ಮೂಲೆಗಳಿಗೆ ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ ಮೆತ್ತಿ ಸಾಕಾಗಿತ್ತು. ಗಿರಾಕಿಗಳು ಮಲ್ಲೇಶ್ವರದ ಕಡೆ ನಡೆದರು.

ಆಗ ಸಿಕ್ಕವನು ಅಂಜಿನಯ್ಯ. ಕುರುಬರಹಳ್ಳಿಯವನು, ಇಂಡಸ್ಟ್ರಿಯಲ್ ಟೌನಿನಲ್ಲಿ ಲೇತ್ ಇಟ್ಟುಕೊಂಡಿದ್ದ. ಹಿಂದೆ ಕೆಲಸ ಮಾಡಿದ ಫ್ಯಾಕ್ಟರಿಯಲ್ಲಿ ಅಂಥ ಕೆಲಸಕ್ಕೇ ಒಂದು ಫಾರಿನ್ ಮಿಷಿನ್ ನೋಡಿದ್ದೆ, ಅಂಥದ್ದೇ ಮಾಡಿಕೊಡ್ತೀನಿ ಎಂದ. ಮಾಡಿಯೂ ಕೊಟ್ಟ. ಕಬ್ಬಿಣದ ಮೇಜು, ಅದರ ಮೇಲೆ ತಿರುಗುವ ತಟ್ಟೆ, ಹಿಂದೆ ಕೀಲು, ಕೀಲಿನ ತುದಿಗೆ ಮೋಟಾರು, ಮೋಟಾರಿಗೆ ಹಲ್ಲಿನ ಚಕ್ರ. ಹಿಡಿ ಒತ್ತಿದರೆ ಗರಗಸ ಇಳಿಯುತ್ತದೆ, ಬಿಟ್ಟರೆ ಸ್ಪ್ರಿಂಗು ಮೇಲೆತ್ತುತ್ತದೆ. ತಟ್ಟೆ ತಿರುಗಿಸಿದರೆ ಅಡ್ಡ ಓರೆ. ಮೋಟಾರಿನ ತಲೆ ವಾಲಿಸಿದರೆ ಎತ್ತರದ ಓರೆ.

ಗಾಡಿಯಿಂದ ಇಳಿಸಿದ ದಿನ ಜಗದಾಂಬಾ ಮಗಳು ಉಮಾಳನ್ನು ಸೊಂಟದ ಮೇಲಿಟ್ಟುಕೊಂಡು ಒಳಬಾಗಿಲಲ್ಲಿ ನಿಂತಿದ್ದಳು. ಗೋಡೆ ಹಿಡಿದು ನಡೆಯಲು ಕಲಿತಿದ್ದ ಮಗು ಆ ಹೊಳೆಯುವ ಚಕ್ರವನ್ನು ನೋಡಿ ಕೈ ಚಾಚಿತು. ಅಷ್ಟೇ, ಜಗದಾಂಬಾ ಆ ಕೈಯನ್ನು ಹಿಡಿದು ಸೆರಗಿನೊಳಗೆ ಸೇರಿಸಿದಳು.

"ಅಣ್ಣಾ, ಆ ಹಲ್ಲಿಗೆ ತುಟಿ ಇಲ್ಲವಲ್ಲ?" ಎಂದಳು.

ಅಂಜಿನಯ್ಯ ನಕ್ಕ. ನಕ್ಕವನು ಚಕ್ರ ನೋಡಿದ, ತಲೆ ಕೆರೆದುಕೊಂಡ. "ಇತ್ತು ಕಣಮ್ಮ, ಆ ಫಾರಿನ್ ಮಿಷಿನ್‌ಗೆ ಒಂದು ಮುಚ್ಚಳ ಇತ್ತು. ನಾನೇ ಮರ್ತೆ," ಎಂದು ತಲೆಭಾಗವನ್ನು ಬಿಚ್ಚಿಕೊಂಡು ಹೋದ. ವಾರ ಬಿಟ್ಟು ತಂದಾಗ ಚಕ್ರಕ್ಕೊಂದು ತಗಡಿನ ತುಟಿ ಬಂದಿತ್ತು. ಗರಗಸ ಇಳಿದಂತೆ ತಾನೇ ಮೇಲೆ ಸರಿಯುತ್ತಿತ್ತು, ಏರಿದಂತೆ ಮುಚ್ಚಿಕೊಳ್ಳುತ್ತಿತ್ತು.

"ಹೆಂಡ್ತಿ ಅಂದ್ರೆ ಹಿಂಗಿರಬೇಕು ನೋಡಿ, ಅಂಜಿನಯ್ಯ. ಮಿಷಿನ್‌ಗೂ ಸೆರಗು ಹೊದಿಸಿಬಿಟ್ಳು," ಎಂದ ಚನ್ನವೀರಪ್ಪ.

ಜಗದಾಂಬಾ ಅಲ್ಲಿಗೆ ಬಿಡಲಿಲ್ಲ. ಮೇಜು ನಡುಗೀತೆಂದು ನೆಲಕ್ಕೆ ಬೋಲ್ಟ್ ಹಾಕಿಸಿದಳು. ಶೆಡ್ಡಿಗೂ ಮನೆಗೂ ನಡುವೆ ಮಗು ದಾಟದ ಹಾಗೆ ಅರ್ಧ ಬಾಗಿಲು ಕೂರಿಸಿದಳು. ಮಿಷಿನ್ನಿಗೆಂದೇ ಒಂದು ಮೇನ್ ಸ್ವಿಚ್ಚನ್ನು ಆ ಬಾಗಿಲಿನ ಒಳಬದಿಯ ಪಡಸಾಲೆ ಗೋಡೆಗೆ, ತನ್ನ ತಲೆಯ ಎತ್ತರಕ್ಕೆ ಹಾಕಿಸಿ, ಅದನ್ನು ಹಾಕುವವಳೂ ತೆಗೆಯುವವಳೂ ತಾನೇ ಎಂದಳು. ಚನ್ನವೀರಪ್ಪ ಎಲ್ಲದಕ್ಕೂ ಹೂಂ ಅಂದ. ಮಿಷಿನ್ನು ಓಡಿದರೆ ಸಾಕಾಗಿತ್ತು ಅವನಿಗೆ.

ಸೋಮವಾರ ಬೆಳಿಗ್ಗೆ ಮೊದಲ ಕೊಯ್ತ ಎಂದು ನಿಶ್ಚಯವಾಯಿತು. ಚನ್ನವೀರಪ್ಪನ ತಾಯಿ ಬಸವರಾಜೇಶ್ವರಿ ತಾವೇ ಮೋಟಾರಿಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ಹಾವೇರಿ ಕಡೆಯ ಹೆಂಗಸು. ಎರಡು ಹೊತ್ತು ಲಿಂಗಪೂಜೆಯಾಗದೆ ತುತ್ತು ಎತ್ತಿದವರಲ್ಲ. ಬೆಂಗಳೂರಿಗೆ ಬಂದು ವರ್ಷಗಳಾದರೂ ಮಾತು ಮಾತ್ರ ಊರು ಬಿಟ್ಟು ಬಂದಿರಲಿಲ್ಲ. ಪಕ್ಕದ ಮನೆಯ ಕಮಲಾಕ್ಷಮ್ಮ ರೇಡಿಯೋ ಹಾಡಲು ಬಿಟ್ಟೇ ನೋಡಲು ಬಂದರು.

ಅಂಜಿನಯ್ಯ ಪಾಠ ಶುರು ಮಾಡಿದ. "ನೋಡಿ ಸ್ವಾಮಿ, ಓರೆ ಇಡೋವಾಗ ಕರೆಂಟ್ ಇರಬಾರದು. ಮರ ಹಿಂದಿನ ಕಂಬಿಗೆ ಅಂಟಿ ಕೂರಬೇಕು, ಈ ತಿರುಪು ಬಿಗಿದು ಹಿಡಿಸಿ. ಎಡಗೈ ಗೇಣು ದೂರ. ನೀವು ಚಕ್ರದ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ. ಪೂರಾ ಸ್ಪೀಡ್ ಬಂದ ಮೇಲೇ ಇಳಿಸಿ. ವಾಚು, ಟವೆಲ್ಲು ಏನೂ ನೇತಾಡಬಾರದು."

ಚನ್ನವೀರಪ್ಪ "ಆಯ್ತು ಗುರುಗಳೇ" ಎನ್ನುತ್ತ ಹೆಗಲ ಮೇಲಿನ ಟವೆಲ್ಲನ್ನು ಮಗಳ ಕಡೆ ಎಸೆದ. ಅದು ಕಮಲಾಕ್ಷಮ್ಮನ ತಲೆಯ ಮೇಲೆ ಬಿತ್ತು. ವಾಚು ಬಿಚ್ಚಿಟ್ಟ. ಬರೀ ಬನೀನು, ಪೈಜಾಮದಲ್ಲಿ ನಿಂತ. ಉಮಾಳನ್ನು ಎತ್ತಿಕೊಂಡು ಅರ್ಧ ಬಾಗಿಲಿನ ಒಳಗೆ ನಿಂತಿದ್ದ ಜಗದಾಂಬಾ ಒಂದು ಸಲ ಅವನನ್ನು ಮೇಲಿಂದ ಕೆಳಗೆ ನೋಡಿ ಸ್ವಿಚ್ಚು ಹಾಕಿದಳು.

ಮೋಟಾರು ಗುಂಯ್ ಎಂದಿತು. ಚನ್ನವೀರಪ್ಪ ಪೆನ್ಸಿಲ್ ಗೀಟು ಸರಿಯಿದೆಯೇ ಎಂದು ನೋಡಲು ಬಗ್ಗಿದ. ಬಗ್ಗಿದಾಗ ಬನೀನಿನೊಳಗಿಂದ ಶಿವದಾರದ ಸಮೇತ ಬೆಳ್ಳಿಯ ಕರಡಿಗೆ ಜಾರಿ ಹೊರಬಂತು. ಅದರೊಳಗೆ ಅವನ ಇಷ್ಟಲಿಂಗ. ಕರಡಿಗೆ ಒಂದು ಸಲ ಅವನ ಕಡೆ, ಒಂದು ಸಲ ಚಕ್ರದ ಕಡೆ ತೂಗಿತು.

ಜಗದಾಂಬಾಳ ಕೈ ಅವಳನ್ನು ಕೇಳದೆ ಸ್ವಿಚ್ಚನ್ನು ಕೆಳಗೆಳೆಯಿತು.

ಚಕ್ರ ಗೊಣಗುತ್ತ ನಿಧಾನವಾಗಿ ನಿಂತಿತು. "ಹೋಯ್ತಲ್ಲಪ್ಪ ಕರೆಂಟು!" ಎಂದು ಅಂಜಿನಯ್ಯ ಹಣೆ ಚಚ್ಚಿಕೊಂಡ. ಆ ವರ್ಷ ಕರೆಂಟ್ ಹೋಗುವುದು ಕಾಗೆ ಕೂಗಿದಷ್ಟೇ ಸಹಜವಾಗಿತ್ತು. ಯಾರಿಗೂ ಸಂಶಯ ಬರಲಿಲ್ಲ. ಎಲ್ಲರೂ ಮರದ ಪಟ್ಟಿಗಳ ಮೇಲೆ ಕೂತರು. ಒಡೆದ ಕಾಯಿಯ ಚೂರು ಹಂಚಿದ್ದಾಯಿತು. ಚನ್ನವೀರಪ್ಪ ಕಮಲಾಕ್ಷಮ್ಮನಿಗೆ ಓರೆ ಕೊಯ್ತದ ಮೇಲೆ ಭಾಷಣವನ್ನೇ ಮಾಡಿದ.

ಜಗದಾಂಬಾ ಮಾತ್ರ ಸ್ವಿಚ್ಚಿನ ಕೆಳಗೆ ಗೋಡೆಗಂಟಿ ನಿಂತಿದ್ದಳು. ಈಗ ಹೇಳಬೇಕು. ಹೇಗೆ ಹೇಳುವುದು? ದೇಹ ಬಿಟ್ಟರೂ ಲಿಂಗ ಬಿಡಬಾರದು ಅನ್ನುವ ಮನೆ. ತನ್ನ ಕುಪ್ಪಸದೊಳಗೂ ಅದೇ ಲಿಂಗ ಬೆಚ್ಚಗೆ ಕೂತಿದೆ. ಟವೆಲ್ಲು ತೆಗೀರಿ, ವಾಚು ತೆಗೀರಿ ಅನ್ನಬಹುದು. ಇದನ್ನು ಸೊಸೆಯಾದವಳು ಯಾವ ಬಾಯಲ್ಲಿ ಅನ್ನುವುದು, ಅದೂ ಕಾಯಿ ಒಡೆದ ಗಳಿಗೆಯಲ್ಲಿ? ಸುಮ್ಮನಿರೋಣವೆಂದರೆ, ಆ ದಾರ ಒಂದೇ ಒಂದು ಹಲ್ಲಿಗೆ ಸಿಕ್ಕಿದರೆ ಸಾಕು. ಮುಂದೆ ಯೋಚಿಸಲಾರದೆ ಮಗುವನ್ನು ಬಿಗಿಯಾಗಿ ಅಪ್ಪಿದಳು. ಉಮಾ ಕಿರುಚಿದಳು.

ಅತ್ತೆ ಕಾಯಿ ಚೂರು ಅಗಿಯುವುದು ನಿಲ್ಲಿಸಿ ಕಿವಿಗೊಟ್ಟರು. "ಅಲ್ಲಬೇ ಕಮಲಾಕ್ಷಮ್ಮ, ಕರೆಂಟ್ ಹೋಗೇತಿ ಅಂತೀರಿ. ನಿಮ್ಮ ರೇಡಿಯೋ ಏನ ಎಣ್ಣಿ ಹಾಕಿ ಓಡಸ್ತೀರಿ?"

ಎಲ್ಲರೂ ಕಿವಿಗೊಟ್ಟರು. ಪಕ್ಕದ ಮನೆಯಲ್ಲಿ ಯಾರೋ ಗಟ್ಟಿಯಾಗಿ ಹಾಡುತ್ತಿದ್ದರು.

"ನಮ್ದು ಕರೆಂಟ್ ರೇಡಿಯೋನೇ," ಎಂದರು ಕಮಲಾಕ್ಷಮ್ಮ. ಎಲ್ಲರ ಕಣ್ಣೂ ಒಟ್ಟಿಗೆ ಸ್ವಿಚ್ಚಿಗೆ ಹೋಯಿತು, ಅಲ್ಲಿಂದ ಜಗದಾಂಬಾಳಿಗೆ.

"ನಾನೇ ತೆಗೆದೆ," ಎಂದಳು. ದನಿ ನೆಲದೊಳಗಿಂದ ಬಂದಂತಿತ್ತು. "ರೀ, ನಿಮ್ಮ ಕೊರಳಲ್ಲಿರೋದು... ಬಗ್ಗಿದಾಗ ತೂಗ್ತಾ ಇದೆ."

ಅಂಜಿನಯ್ಯ ತನಗೆ ಸಂಬಂಧವಿಲ್ಲದ ಹಾಗೆ ಬೋಲ್ಟ್ ಮುಟ್ಟಿ ನೋಡಿದ. ಅವನಿಗೂ ಕಂಡಿತ್ತು, ಬೇರೆಯವರ ಮನೆ ದೇವರ ವಿಷಯ ಎಂದು ಬಾಯಿ ಮುಚ್ಚಿಕೊಂಡಿದ್ದ.

"ಏನಂದಿ?" ಎಂದರು ಅತ್ತೆ. "ಲಿಂಗಾ ತಗದ ಇಡು ಅಂತೀಯೇನ ನನ್ನ ಮಗಗ? ಹೊಟ್ಟಿಪಾಡಿಗೆ ಲಿಂಗಾ ಬಿಡೂದಾದ್ರ ಈ ಮಿಷಿನ್ ಸುಡುಗಾಡಿಗೆ ಹೋಗ್ಲಿ!"

"ತೆಗೀರಿ ಅನ್ನಲಿಲ್ಲ ಅತ್ತೆ. ತೂಗಬಾರದು ಅಂದೆ."

ಚನ್ನವೀರಪ್ಪನ ಮಾತು ಈ ಸಲ ಸಿಟ್ಟಾಗಿ ಬಂತು. "ಲಿಂಗ ಕಾಯುತ್ತೆ ಕಣೇ! ಅದರಿಂದ ನನಗೆ ಅಪಾಯಾನಾ? ಅದು ಚಕ್ರದ ಹತ್ರಾನೂ ಹೋಗಲ್ಲ. ನಿನಗೆ ಗಾಳಿ ಬೀಸಿದರೂ ಭೂತ!"

"ಹಂಗಾದ್ರೆ ತೋರಿಸಿ," ಎಂದಳು ಜಗದಾಂಬಾ. ಮಗುವನ್ನು ಕಮಲಾಕ್ಷಮ್ಮನ ಕೈಗಿಟ್ಟು, ಸ್ವಿಚ್ಚಿನ ಡಬ್ಬಿ ತೆರೆದು ಫ್ಯೂಸನ್ನೇ ಕಿತ್ತು ಮುಷ್ಟಿಯಲ್ಲಿ ಹಿಡಿದಳು. "ಈಗ ಏನೂ ಓಡಲ್ಲ. ಹಿಡಿ ಇಳಿಸಿ. ಗೀಟು ನೋಡೋಕೆ ಬಗ್ಗಿದಂಗೇ ಬಗ್ಗಿ. ಅದು ಹತ್ರ ಹೋಗದಿದ್ದರೆ ಇನ್ನು ನಾನು ಈ ಶೆಡ್ಡಿನ ವಿಷಯಕ್ಕೇ ಬರಲ್ಲ."

"ನೋಡ್ರಪ್ಪಾ ಎಲ್ಲಾರೂ," ಎಂದು ಚನ್ನವೀರಪ್ಪ ನಾಟಕದವರ ಹಾಗೆ ಕೈ ಬೀಸಿ, ಹಿಡಿ ಇಳಿಸಿ, ಬಗ್ಗಿದ. ತಗಡಿನ ತುಟಿ ಮೇಲೆ ಸರಿಯಿತು. ಕರಡಿಗೆ ಬನೀನಿನ ಅಂಚು ದಾಟಿ ಜಾರಿತು, ತೂಗಿತು.

ಟಿಣ್.

ಬೆಳ್ಳಿಗೆ ಉಕ್ಕಿನ ಹಲ್ಲು ತಾಗಿದ ಸದ್ದು, ಅಷ್ಟೇ. ಚನ್ನವೀರಪ್ಪ ಬಗ್ಗಿದವನು ಹಾಗೇ ಇದ್ದ. ಕಣ್ಣು ಮಾತ್ರ ನಿಧಾನವಾಗಿ ಚಕ್ರದಿಂದ ಕರಡಿಗೆಗೆ, ಕರಡಿಗೆಯಿಂದ ದಾರಕ್ಕೆ, ದಾರದಿಂದ ತನ್ನ ಕೊರಳಿಗೆ ಬಂತು.

"ಶಿವನೇ," ಎಂದರು ಅತ್ತೆ.

ಅಂಜಿನಯ್ಯ ಗಂಟಲು ಸರಿಮಾಡಿಕೊಂಡ. "ಮಿಷಿನ್ ಬೇಕಾದ್ರೆ ವಾಪಸ್ ತಗೊಂಡೋಗ್ತೀನಿ ಸ್ವಾಮಿ. ನಿಮ್ಮ ಕೊರಳಿಗಿಂತ ದೊಡ್ಡದಲ್ಲ."

"ಎಲ್ಲಿಗ ಒಯ್ತೀಯೋ? ಸುಮ್ನ ನಿಲ್ಲು," ಎಂದು ಅತ್ತೆ ಗದರಿದರು. ಈಗ ಅವರಿಗೆ ಮಿಷಿನ್ನೂ ಬೇಕಿತ್ತು, ಲಿಂಗವೂ ಬೇಕಿತ್ತು, ಮಗನೂ ಪೂರ್ತಿ ಬೇಕಾಗಿತ್ತು. ತೋಳಿಗೆ ಕಟ್ಟೋಣ ಎಂದ ಚನ್ನವೀರಪ್ಪ. ಯಾವ ತೋಳಿಗೆ ಎಂದಳು ಜಗದಾಂಬಾ. ಬಲಗೈ ಹಿಡಿಯ ಮೇಲೆ, ಎಡಗೈ ಮರದ ಮೇಲೆ, ಎರಡೂ ಅಲ್ಲೇ ಇರುತ್ತವೆ. ಬೆನ್ನ ಕಡೆ ತಿರುಗಿಸಿಕೊಳ್ಳಿ ಎಂದರು ಕಮಲಾಕ್ಷಮ್ಮ. "ಲಿಂಗಕ್ಕ ಬೆನ್ನಾ? ನೀವ ಸುಮ್ನ ಕೂಸು ಹಿಡೀರಿ," ಎಂದರು ಅತ್ತೆ. ಬನೀನಿಗೆ ಪಿನ್ನು ಹಾಕಬಹುದಲ್ಲ ಎಂದ ಅಂಜಿನಯ್ಯ. ಪಿನ್ನು ಬಿಚ್ಚಿಕೊಂಡರೆ ಎಂಬ ಪ್ರಶ್ನೆ ಯಾರ ಬಾಯಿಂದ ಬಂತೆಂದು ಹೇಳಬೇಕಾಗಿಲ್ಲ.

"ದಾರ ಕೊರಳಲ್ಲೇ ಇರಲಿ," ಎಂದಳು ಜಗದಾಂಬಾ, ತನಗೇ ಹೇಳಿಕೊಳ್ಳುವ ಹಾಗೆ. "ಆದರೆ ಎದೆ ಮೇಲೆ ಒಂದು ಜೇಬು ಬೇಕು. ಗುಂಡಿ ಇರೋ ಜೇಬು. ಬಟ್ಟೆ ಮೈಗಂಟಿ ಇರಬೇಕು, ಬಗ್ಗಿದರೂ ಜೋಲಬಾರದು."

ಅತ್ತೆ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ತಂದದ್ದು ತೀರಿಹೋದ ಮಾವನವರ ಕಿಸೆ ಬನೀನು. ಹತ್ತಿ ವ್ಯಾಪಾರಕ್ಕೆ ಹೋಗುವಾಗ ದುಡ್ಡು ಇಡಲು ಹೊಲಿಸಿದ್ದು. ದಪ್ಪ ಬಟ್ಟೆ, ಎದೆಯ ಮೇಲೆ ಜೇಬು, ಜೇಬಿಗೆ ಎರಡು ಗುಂಡಿ.

"ಅವರ ಮೈ ಸಣ್ಣದಿತ್ತು," ಎಂದರು. "ಇಂವಾ ಅನ್ನ ಉಂಡಾನ."

ಚನ್ನವೀರಪ್ಪನನ್ನು ಅದರೊಳಗೆ ತೂರಿಸಲು ತಾಯಿ ಒಂದು ಕಡೆ, ಹೆಂಡತಿ ಒಂದು ಕಡೆ ಹಿಡಿದು ಎಳೆಯಬೇಕಾಯಿತು. "ಅವ್ವಾ, ಉಸುರು!" ಎಂದು ಅವನು ಕೂಗಿದರೆ, "ಉಸುರು ಸಣ್ಣಾಗಿ ತೊಗೊ, ಮಾತೂ ಕಡಿಮಿ ಆಕ್ಕಾವು," ಎಂದರು. ದಿಂಬಿಗೆ ಸಣ್ಣ ಗವಸು ಹಾಕಿದ ಹಾಗೆ ಕಂಡ. ಕಮಲಾಕ್ಷಮ್ಮ ನಗು ತಡೆಯಲಾರದೆ ಮಗುವಿನ ಬೆನ್ನಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಜೇಬಿನೊಳಗಿಟ್ಟು, ಒಂದು ಗುಂಡಿ ತಾವು ಹಾಕಿ, ಇನ್ನೊಂದನ್ನು ಸೊಸೆಗೆ ಬಿಟ್ಟರು.

ಬಗ್ಗು ಎಂದಳು ಜಗದಾಂಬಾ, ಬಗ್ಗಿದ. ಇನ್ನೂ ಬಗ್ಗು; ಬಗ್ಗಿದ. ಗಂಡನಿಗೆ ಏಕವಚನ ಹಾಕಿದ್ದು ಅವಳಿಗಾಗಲಿ ಅತ್ತೆಗಾಗಲಿ ಗಮನಕ್ಕೆ ಬರಲಿಲ್ಲ. ಯಾವುದೂ ಜಾರಲಿಲ್ಲ, ತೂಗಲಿಲ್ಲ.

ಅವಳು ಒಳಗೆ ಹೋಗಿ ಫ್ಯೂಸ್ ಹಾಕಿದಳು. ಸ್ವಿಚ್ಚು ಮೇಲೆ ಹೋಯಿತು. ಮೋಟಾರಿನ ದನಿ ಏರಿ ಏರಿ ಒಂದೇ ಸಮನಾಯಿತು. ಚನ್ನವೀರಪ್ಪ ಪಕ್ಕಕ್ಕೆ ನಿಂತು, ಗೇಣು ದೂರದಲ್ಲಿ ಕೈಯಿಟ್ಟು, ಒಂದು ಮಾತೂ ಆಡದೆ ಹಿಡಿ ಇಳಿಸಿದ. ಸರ್ ಎಂದು ಹೊಟ್ಟು ಹಾರಿತು, ಹಸಿ ತೇಗದ ವಾಸನೆ ಶೆಡ್ಡು ತುಂಬಿತು. ಪಟ್ಟಿಯ ತುದಿ ಎರಡು ಕಡೆಗೂ ವಾಲಿ ಬೆಣ್ಣೆ ಕೊಯ್ದ ಹಾಗೆ ಬೇರೆಯಾಯಿತು. ಅಂಜಿನಯ್ಯ ಶಿಳ್ಳೆ ಹಾಕಿದ.

ಖುಷಿಯಲ್ಲಿ ಚನ್ನವೀರಪ್ಪ ಹಿಡಿಯನ್ನು ಪೂರ್ತಿ ಮೇಲೆ ಬಿಡದೆಯೇ ತುಂಡಿಗೆ ಎಡಗೈ ಚಾಚಿದ.

"ಕೈ!"

ಜಗದಾಂಬಾಳ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಸೈಕಲ್ಲಿನಿಂದ ಇಳಿದ. ಸ್ವಿಚ್ಚು ಆಗಲೇ ಕೆಳಗಿತ್ತು. ಚನ್ನವೀರಪ್ಪನ ಕೈ ಗಾಳಿಯಲ್ಲಿ ನಿಂತಿತು. ಚಕ್ರ ಇನ್ನೂ ಸುತ್ತುತ್ತಿತ್ತು. ಹಲ್ಲುಗಳೆಲ್ಲ ಕೂಡಿ ಒಂದು ಬಿಳಿ ಹೊಗೆಯಂತೆ ಕಾಣುತ್ತಿದ್ದವು. ಯಾರೂ ಅಲುಗಲಿಲ್ಲ. ಹೊಗೆ ನಿಧಾನವಾಗಿ ಗೀಟುಗಳಾಯಿತು, ಗೀಟುಗಳು ಹಲ್ಲುಗಳಾದವು.

ಚನ್ನವೀರಪ್ಪ ಹಿಡಿಯನ್ನು ಮೇಲೆ ಬಿಟ್ಟು, ಎಡಗೈ ಹಾಗೇ ಚಾಚಿಕೊಂಡು, ತಲೆ ಮಾತ್ರ ತಿರುಗಿಸಿ ಕೇಳಿದ: "ಈಗ ತಗೋಬೋದಾ?"

ಅತ್ತೆ ಮೊದಲು ಚಕ್ರ ನೋಡಿದರು, ಆಮೇಲೆ ಸೊಸೆಯನ್ನು. "ಆಕಿ ಹೇಳ್ಲಿ ತಡಿ," ಎಂದರು.

ಜಗದಾಂಬಾ ಅರ್ಧ ಬಾಗಿಲಿನ ಮೇಲಿಂದ ಕತ್ತು ಚಾಚಿ ಚಕ್ರ ನಿಂತದ್ದನ್ನು ಮತ್ತೊಮ್ಮೆ ನೋಡಿದಳು, ತಗಡಿನ ತುಟಿ ಮುಚ್ಚಿದ್ದನ್ನು ನೋಡಿದಳು, ಕಮಲಾಕ್ಷಮ್ಮನ ಕೈಯಲ್ಲಿ ಮಗು ಇರುವುದನ್ನೂ ನೋಡಿದಳು.

"ಹೂಂ. ಈಗ ತಗೊಳ್ಳಿ."